ಏಳು ಗಂಟೆಯ ಮೇಷ್ಟ್ರು

ಅದು 2020ರ ನವೆಂಬರ್ 8, ಭಾನುವಾರ. ಚುನಾವಣೆಯಲ್ಲಿ ಬೈಡನ್ ಗೆದ್ದರೆಂದು ಟಿವಿಯವರು ಸಾರಿ ಒಂದು ದಿನವಾಗಿತ್ತಷ್ಟೆ. ಅಮೆರಿಕದ ಯಾವ ಚಾನೆಲ್ ಹಾಕಿದರೂ ಅದೇ ಮಾತು. ಅದರ ನಡುವೆ ಇನ್ನೊಂದು ಸುದ್ದಿ ಬಂತು: ಟಿವಿಯ ‘ಜೆಪರ್ಡಿ’ ಕ್ವಿಜ್ ನಡೆಸುತ್ತಿದ್ದ ಅಲೆಕ್ಸ್ ಟ್ರೆಬೆಕ್ ತೀರಿಕೊಂಡರು. ಎಂಬತ್ತು ವರ್ಷ ವಯಸ್ಸು, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ರಾಜಕೀಯದ ಬಗ್ಗೆ ಒಬ್ಬರ ಮುಖ ಒಬ್ಬರು ನೋಡದಂತೆ ಜಗಳವಾಡುತ್ತಿದ್ದವರೆಲ್ಲ ಅವತ್ತು ಒಂದೇ ವಿಷಯಕ್ಕೆ ಸಂಕಟಪಟ್ಟರು. ಹಾಲಿವುಡ್‌ನ ಪಾದಚಾರಿ ಹಾದಿಯಲ್ಲಿ ಅವರ ಹೆಸರಿನ ನಕ್ಷತ್ರವಿದೆ. ಅದರ ಮೇಲೆ ಜನ ಹೂವು ತಂದಿಟ್ಟರು.

ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ಆಗ ಅಪ್ಪ ಇದ್ದರು. ನಾಲ್ಕು ತಿಂಗಳಿದ್ದು ಹೋಗೋಣವೆಂದು ಬಂದವರು ಕೋವಿಡ್ ದೆಸೆಯಿಂದ ಊರಿಗೆ ಹಿಂತಿರುಗಲಾಗದೆ ಇಲ್ಲೇ ಉಳಿದುಬಿಟ್ಟಿದ್ದರು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ರಿಟೈರ್ ಆದವರು. ಹೊರಗೆ ಕಾಲಿಡುವಂತಿಲ್ಲ, ಮಾತಾಡಲು ಜನರಿಲ್ಲ. ಸಂಜೆ ಏಳಕ್ಕೆ ‘ಜೆಪರ್ಡಿ’ ಶುರುವಾಗುತ್ತದೆಂದರೆ ಆರೂ ಮುಕ್ಕಾಲಿಗೇ ಕನ್ನಡಕ ಒರೆಸಿಕೊಂಡು ಸೋಫಾದಲ್ಲಿ ಕೂತಿರುತ್ತಿದ್ದರು. ಟ್ರೆಬೆಕ್ ಅವರನ್ನು ಅಪ್ಪ ಕರೆಯುತ್ತಿದ್ದುದೇ ‘ಮೇಷ್ಟ್ರು’ ಎಂದು.

ನಮ್ಮ ಚಂದನದ ‘ಥಟ್ ಅಂತ ಹೇಳಿ’ ನೋಡಿದವರಿಗೆ ಆಟದ ರುಚಿ ಹೇಳಬೇಕಾಗಿಲ್ಲ. ಆದರೆ ಇಲ್ಲಿ ಎಲ್ಲವೂ ತಿರುಗುಮುರುಗು. ಸುಳಿವು ಉತ್ತರದ ರೂಪದಲ್ಲಿ ಬರುತ್ತದೆ, ಸ್ಪರ್ಧಿ ಪ್ರಶ್ನೆಯ ರೂಪದಲ್ಲಿ ಹೇಳಬೇಕು. ‘ಟಾಂಗಾನಿಕಾ’ ಎಂದರೆ ಅಂಕ ಇಲ್ಲ, ‘ಟಾಂಗಾನಿಕಾ ಎಂದರೇನು?’ ಎನ್ನಬೇಕು. ಅಪ್ಪನಿಗೆ ಇದು ಕೊನೆಯವರೆಗೂ ಒಗ್ಗಲಿಲ್ಲ. “ನಾನು ಹೇಳಿದ್ದು ಸರಿ ತಾನೇ? ಕೊಡಲಿ ನಂಬರ್ರು” ಎಂದು ಟಿವಿಯ ಜತೆ ವಾದಕ್ಕೆ ನಿಲ್ಲುತ್ತಿದ್ದರು.

ಟ್ರೆಬೆಕ್ ಹುಟ್ಟಿದ್ದು ಕೆನಡಾದ ಸಡ್‌ಬರಿಯಲ್ಲಿ. ತಂದೆ ಉಕ್ರೇನ್‌ನಿಂದ ಬಂದವರು, ಹೋಟೆಲಿನಲ್ಲಿ ಬಾಣಸಿಗರು. ತಾಯಿಯ ಮನೆಮಾತು ಫ್ರೆಂಚ್. ಮಗ ಒಟ್ಟಾವಾ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿ, ಅಲ್ಲಿನ ಪ್ರಸಾರ ಸಂಸ್ಥೆ ಸಿಬಿಸಿಯಲ್ಲಿ ಕೆಲಸ ಕಲಿತು, 1973ರಲ್ಲಿ ಅಮೆರಿಕಕ್ಕೆ ಬಂದರು. 1984ರ ಸೆಪ್ಟೆಂಬರಿನಲ್ಲಿ ‘ಜೆಪರ್ಡಿ’ಯ ಮೇಜಿನ ಹಿಂದೆ ನಿಂತವರು 37 ಸೀಸನ್, ಎಂಟು ಸಾವಿರಕ್ಕೂ ಮೀರಿದ ಕಂತುಗಳನ್ನು ನಡೆಸಿದರು. ಯಾವ ದೇಶದ ಹೆಸರು ಬಂದರೂ ಅದನ್ನು ಆ ದೇಶದವರು ಹೇಳುವಂತೆಯೇ ಹೇಳಬೇಕೆನ್ನುವ ಹಟ ಅವರಿಗೆ. ಮಾತು ಬಿಡಿಬಿಡಿಯಾಗಿ, ಸ್ಪಷ್ಟವಾಗಿ. “ಈ ದೇಶದಲ್ಲಿ ಪೂರ್ತಿ ಅರ್ಥ ಆಗೋದು ಇವರೊಬ್ಬರ ಇಂಗ್ಲಿಷ್ ಕಣೋ” ಎನ್ನುತ್ತಿದ್ದರು ಅಪ್ಪ.

ಇದು ಅಪ್ಪನೊಬ್ಬರ ಅನುಭವ ಅಲ್ಲವೆಂದು ಗೊತ್ತಾದದ್ದು ಸಾವಿಗೆ ಮೂರು ದಿನ ಮೊದಲು, ನವೆಂಬರ್ 5ರ ಕಂತಿನಲ್ಲಿ. ಗೆದ್ದವರು ಭಾರತೀಯ ಮೂಲದ ಒಬ್ಬ ಎಂಜಿನಿಯರ್. ಮನೆಯಲ್ಲಿ ಯಾರು ನೋಡುತ್ತಿದ್ದಾರೆ ಎಂದು ಟ್ರೆಬೆಕ್ ಕೇಳಿದರು. ಆತ ಗಂಟಲು ಸರಿಮಾಡಿಕೊಂಡು, ನಾನು ಇಂಗ್ಲಿಷ್ ಕಲಿತದ್ದೇ ನಿಮ್ಮಿಂದ, ಸಾಕಿದ ಅಜ್ಜನ ತೊಡೆಯ ಮೇಲೆ ಕೂತು ದಿನಾ ನಿಮ್ಮನ್ನು ನೋಡುತ್ತಿದ್ದೆ ಎಂದರು. ಅಪ್ಪ ಏನೂ ಹೇಳದೆ ಎದ್ದುಹೋಗಿ ನೀರು ಕುಡಿದು ಬಂದರು.

ಕಾಯಿಲೆಯ ಸುದ್ದಿ ಹೊಸದಾಗಿರಲಿಲ್ಲ. ಕ್ಯಾನ್ಸರ್ ನಾಲ್ಕನೇ ಹಂತಕ್ಕೆ ಹೋಗಿದೆಯೆಂದು 2019ರ ಮಾರ್ಚಿನಲ್ಲಿ ಅವರೇ ವಿಡಿಯೊ ಮಾಡಿ ತಿಳಿಸಿದ್ದರು. ಇನ್ನೂ ಮೂರು ವರ್ಷದ ಕಾಂಟ್ರಾಕ್ಟ್ ಇದೆ, ಆದ್ದರಿಂದ ಬದುಕಲೇಬೇಕು ಎಂದು ಅದರಲ್ಲೇ ತಮಾಷೆ. ಒಂದೇ ದಿನದಲ್ಲಿ ಐದು ಕಂತಿನ ಚಿತ್ರೀಕರಣ ಅಲ್ಲಿಯ ರೂಢಿ. ನೋವಿಗೆ ಡ್ರೆಸ್ಸಿಂಗ್ ರೂಮಿನ ನೆಲದ ಮೇಲೆ ಹೊರಳಾಡಿದ ದಿನವೂ ಇತ್ತೆಂದು ಸಂದರ್ಶನದಲ್ಲಿ ಅವರೇ ಹೇಳಿದರು. ಪರದೆಯ ಮೇಲೆ ಮಾತ್ರ ಟೈ ಗಂಟು ಒಂದಿಷ್ಟೂ ಸಡಿಲವಾದದ್ದನ್ನು ನಾವು ಕಾಣಲಿಲ್ಲ.

ಅವರು ಕಣ್ಣು ತುಂಬಿಕೊಂಡದ್ದು ನೆನಪಿರುವುದು 2019ರ ನವೆಂಬರಿನಲ್ಲಿ. ಕೊನೆಯ ಸುತ್ತಿನಲ್ಲಿ ಉತ್ತರ ಹೊಳೆಯದ ಕಾಲೇಜು ಹುಡುಗನೊಬ್ಬ, ಇವನೂ ಭಾರತೀಯ ಮೂಲದವನೇ, ಉತ್ತರದ ಜಾಗದಲ್ಲಿ ‘ಅಲೆಕ್ಸ್, ನೀವೆಂದರೆ ನಮಗೆ ಪ್ರೀತಿ’ ಎಂದು ಬರೆದಿದ್ದ, ಅದನ್ನೂ ಆಟದ ನಿಯಮದಂತೆ ಪ್ರಶ್ನೆಯಾಗಿಸಿ. ಓದುವಾಗ ಟ್ರೆಬೆಕ್ ದನಿ ಕಟ್ಟಿತು. ಆಮೇಲೆ ಲೆಕ್ಕ ಒಪ್ಪಿಸಿದರು: ಪಣಕ್ಕಿಟ್ಟ 1,995 ಡಾಲರ್ ಹೋಯಿತು, ನಿನ್ನ ಹತ್ತಿರ ಉಳಿದದ್ದು ಐದೇ ಡಾಲರ್. ಅಪ್ಪನಿಗೆ ಬಹಳ ಹಿಡಿಸಿದ್ದು ಇದು. “ನೋಡು, ಕಣ್ಣಲ್ಲಿ ನೀರು ಬಂದ್ರೂ ನಂಬರ್ ಮಾತ್ರ ಬಿಡಲಿಲ್ಲ.”

ಸಾವಿನ ಮರುದಿನ, ಸೋಮವಾರ ಏಳಕ್ಕೆ ಏನು ತೋರಿಸುತ್ತಾರೋ ಎಂದು ಕೂತೆವು. ಬೆಳಕು ತಗ್ಗಿಸಿದ ವೇದಿಕೆಗೆ ನಿರ್ಮಾಪಕ ಮೈಕ್ ರಿಚರ್ಡ್ಸ್ ಬಂದು, ಚಿತ್ರೀಕರಿಸಿದ 35 ಕಂತುಗಳು ಉಳಿದಿವೆ, ಅವರಿಚ್ಛೆಯಂತೆ ಅವನ್ನು ಇದ್ದ ಹಾಗೇ ತೋರಿಸುತ್ತೇವೆ ಎಂದರು. ಮರುಕ್ಷಣ ಎಂದಿನ ಸಂಗೀತ, ಎಂದಿನ ನಡಿಗೆ. ಟ್ರೆಬೆಕ್ ಬಂದು ನಿಂತರು. ಕೊನೆಯ ಚಿತ್ರೀಕರಣ ಅಕ್ಟೋಬರ್ 29ರಂದು, ಸಾಯುವುದಕ್ಕೆ ಹತ್ತೇ ದಿನ ಮೊದಲು ನಡೆದಿತ್ತಂತೆ. ತೀರಿಕೊಂಡವರು ದಿನಾ ಸಂಜೆ ಮನೆಗೆ ಬರುತ್ತಿದ್ದರು, ನಾವು ಅವರೊಂದಿಗೆ ಆಟವಾಡುತ್ತಿದ್ದೆವು. “ನಮ್ಮಲ್ಲಿ ಹದಿಮೂರನೇ ದಿನಕ್ಕೆ ವೈಕುಂಠ ಸಮಾರಾಧನೆ ಮಾಡಿ ಕಳಿಸ್ತೀವಿ. ಇವರನ್ನ ಕಳಿಸೋಕೆ ಎರಡು ತಿಂಗಳು ಬೇಕಾಯ್ತು” ಎಂದರು ಅಪ್ಪ.

ಕೊನೆಯ ಐದು ಕಂತುಗಳು ಕ್ರಿಸ್‌ಮಸ್ ವಾರಕ್ಕೆ ನಿಗದಿಯಾಗಿದ್ದವು. ರಜೆಯಲ್ಲಿ ಎಷ್ಟೋ ಊರುಗಳಲ್ಲಿ ಪ್ರಸಾರ ತಪ್ಪುತ್ತದೆಂದು 2021ರ ಜನವರಿ 4ರಿಂದ 8ಕ್ಕೆ ಮುಂದೂಡಿದರು. ನಾಲ್ಕರಂದು ಆಟಕ್ಕೆ ಮೊದಲು ಅವರು, ಕೋವಿಡ್‌ನಿಂದ ಕಷ್ಟದಲ್ಲಿರುವವರಿಗೆ ಕೈಲಾದದ್ದು ಕೊಡಿ ಎಂದು ಕೇಳಿಕೊಂಡರು. ತಮ್ಮ ಬಗ್ಗೆ ಒಂದು ಮಾತಿಲ್ಲ. ಎಂಟರಂದು ಆಟ ಮುಗಿದ ಮೇಲೆ ಹಳೆಯ ದೃಶ್ಯಗಳ ಸಣ್ಣ ಚಿತ್ರವೊಂದನ್ನು ತೋರಿಸಿದರು. ಮೀಸೆ ಇದ್ದ ಟ್ರೆಬೆಕ್, ಮೀಸೆ ಬೋಳಿಸಿದ ಟ್ರೆಬೆಕ್, ಕರಿಗೂದಲು ಹೋಗಿ ಬಿಳಿಗೂದಲು.

ಮುಂದಿನ ಸೋಮವಾರ ಅವರ ಜಾಗದಲ್ಲಿ ಕೆನ್ ಜೆನಿಂಗ್ಸ್ ನಿಂತರು. 2004ರಲ್ಲಿ ಸತತ 74 ಆಟ ಗೆದ್ದಿದ್ದ ಹಳೆಯ ಸ್ಪರ್ಧಿ. ಅವರ ತೋಳಿನಲ್ಲಿದ್ದ ಕಫ್‌ಲಿಂಕ್ ಟ್ರೆಬೆಕ್ ಅವರದು, ಟ್ರೆಬೆಕ್ ಪತ್ನಿಯೇ ಜೆನಿಂಗ್ಸ್‌ಗೆ ಕೊಟ್ಟದ್ದು. “ಹುಡುಗ ಪರವಾಗಿಲ್ಲ, ಪಾಠ ಓದಿಕೊಂಡು ಬಂದಿದಾನೆ” ಎಂದು ಅಪ್ಪ ಸರ್ಟಿಫಿಕೇಟ್ ಕೊಟ್ಟರು.

ಫೆಬ್ರವರಿಯಲ್ಲಿ ಪತ್ರಿಕೆಯಲ್ಲೊಂದು ಸುದ್ದಿ ಬಂತು. ಟ್ರೆಬೆಕ್ ವೇದಿಕೆಯಲ್ಲಿ ತೊಡುತ್ತಿದ್ದ ಉಡುಪುಗಳನ್ನು ನ್ಯೂಯಾರ್ಕಿನ ‘ದ ಡೋ ಫಂಡ್’ ಸಂಸ್ಥೆಗೆ ಕೊಡಲಾಗಿತ್ತು: 14 ಸೂಟು, 58 ಶರ್ಟು, 300 ಟೈ. ಮನೆಯಿಲ್ಲದವರು, ಜೈಲಿನಿಂದ ಹೊರಬಂದವರು ಕೆಲಸದ ಇಂಟರ್‌ವ್ಯೂಗೆ ಹೋಗುವಾಗ ಹಾಕಿಕೊಳ್ಳಲೆಂದು. ನಾನು ಓದಿ ಹೇಳಿದ್ದನ್ನು ಅಪ್ಪ ಪೂರ್ತಿ ಕೇಳಿಸಿಕೊಂಡರು. “ಒಳ್ಳೇದಾಯ್ತು” ಎಂದು ತಲೆಯಾಡಿಸಿ, ಒಂದು ಗಳಿಗೆ ಬಿಟ್ಟು ನಕ್ಕರು: “ಆದ್ರೆ ಮೇಷ್ಟ್ರ ಕೋಟು ಹಾಕ್ಕೊಂಡು ಹೋದವರು ಇಂಟರ್‌ವ್ಯೂನಲ್ಲಿ ಉತ್ತರ ಹೇಳೋ ಬದಲು ಪ್ರಶ್ನೆ ಕೇಳಿಬಿಟ್ಟಾರು, ಅಷ್ಟು ಮುಂಚೇನೇ ಹೇಳಿ ಕಳಿಸಿ ಅನ್ನು!”