ಅವಧಿಗೆ ಮುಂಚೆ ಮುರಿಯಬಾರದ ಠೇವಣಿ

ಮೂರನೇ ತರಗತಿಯ ನನ್ನ ಮೊಮ್ಮಗಳಿಗೆ ಹುಳುಕು ಹಿಡಿದ ದವಡೆಯ ಹಾಲುಹಲ್ಲೊಂದನ್ನು ಕೀಳಿಸಬೇಕಾಯಿತು. ಅವಳ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರು. ಆರೈಕೆ ಅಜ್ಜನ ಪಾಲಿಗೆ ಬಂತು.

ಡಾಕ್ಟರು ಇಟ್ಟ ಬಟ್ಟೆಯನ್ನು ಅರ್ಧ ಗಂಟೆ ಕಚ್ಚಿಹಿಡಿದರೆ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. "ಪುಟ್ಟೀ, ಅದು ಠೇವಣಿ ಇದ್ದಂತೆ, ಅವಧಿಗೆ ಮುಂಚೆ ಮುರಿಯಬಾರದು" ಎಂದೆ. ಬ್ಯಾಂಕಿನವನಿಗೆ ಬೇರೆ ಹೋಲಿಕೆ ಎಲ್ಲಿ ಹೊಳೆಯಬೇಕು! ಅದಕ್ಕೇ 24 ಗಂಟೆ ಬಾಯಿ ಮುಕ್ಕಳಿಸಬಾರದು, ಜೋರಾಗಿ ಉಗುಳಬಾರದು, ಸ್ಟ್ರಾ ಹಾಕಿ ಎಳನೀರು ಹೀರಬಾರದು.

ಚುಚ್ಚುಮದ್ದಿನಿಂದ ತುಟಿ ಎರಡು ಮೂರು ಗಂಟೆ ಮರಗಟ್ಟಿರುತ್ತದೆ. ಮಕ್ಕಳು ಗೊತ್ತಿಲ್ಲದೆ ಅದನ್ನೇ ಕಚ್ಚಿ ಗಾಯ ಮಾಡಿಕೊಳ್ಳುತ್ತಾರೆ. ನಾನು ಕತೆ ಹೇಳುತ್ತಾ ಅವಳ ಬಾಯಿಯ ಮೇಲೇ ಕಣ್ಣಿಟ್ಟಿದ್ದೆ. ಆಮೇಲೆ ತಣ್ಣನೆಯ ಮೊಸರನ್ನ. ಚಕ್ಕುಲಿ, ಖಾರ ದೂರ.

ಮರುದಿನದಿಂದ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಊಟವಾದ ಮೇಲೆ ಮೆಲ್ಲಗೆ ಮುಕ್ಕಳಿಸುವುದು. ಮೂರನೆಯ ದಿನ ಗುಳಿಯ ಮೇಲೆ ಬಿಳಿ ಪೊರೆ ಕಂಡು "ತಾತಾ, ಕೀವು!" ಎಂದು ಅತ್ತಳು. ಅದು ಮಾಯುತ್ತಿರುವ ಗುರುತು ಎಂದು ಡಾಕ್ಟರು ಹೇಳಿದ ಮೇಲೆ ನನಗೂ ಉಸಿರು ಬಂತು.

ಅಜ್ಜ ಅಜ್ಜಿಯರೇ, ಗುಳಿಗೆ ಅರಿಸಿನ, ಲವಂಗ ತುಂಬಬೇಡಿ. ನೋವಿನ ಔಷಧಿ ಡಾಕ್ಟರು ಹೇಳಿದಷ್ಟೇ. ಮಕ್ಕಳಿಗೆ ಆಸ್ಪಿರಿನ್ ಕೂಡದು. ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ಬಾವು ಹೆಚ್ಚಿದರೆ ಕಾಯದೆ ಕರೆದುಕೊಂಡು ಹೋಗಿ.

ಹಾಲುಹಲ್ಲು ತಾನೇ ಎಂದು ಉದಾಸೀನ ಬೇಡ ಮಕ್ಕಳೇ. ದವಡೆಯ ಹಾಲುಹಲ್ಲು 10–12 ವರ್ಷದವರೆಗೂ ಹೊಸ ಹಲ್ಲಿಗಾಗಿ ಜಾಗ ಕಾಯುತ್ತದೆ. ಬೇಗ ಹೋದರೆ ಪಕ್ಕದ ಹಲ್ಲು ಅತ್ತ ವಾಲುತ್ತದೆ. ಆ ಜಾಗ ಉಳಿಸಲು ಪುಟ್ಟ ತಂತಿ ಬೇಕೇ ಎಂದು ಡಾಕ್ಟರನ್ನು ಕೇಳಿ. ರಾತ್ರಿ ಹಲ್ಲುಜ್ಜದೆ ಮಲಗಬೇಡಿ.