ಪಾಯಿಂಟಲ್ಲ, ಬುಷ್ಷು

ಹಳೇ ಪೆಟ್ರೋಲ್ ಗಾಡಿ ಇಟ್ಕೊಂಡವರಲ್ಲಿ ಎರಡು ಪಕ್ಷ. ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಹಾಗೇ ಇರಬೇಕು ಅನ್ನೋರು ಒಂದು ಕಡೆ, ಅದನ್ನ ಕಿತ್ತು ಎಲೆಕ್ಟ್ರಾನಿಕ್ ಹಾಕ್ಸಿ ಅನ್ನೋರು ಇನ್ನೊಂದು ಕಡೆ. ಓಹಾಯೋದಲ್ಲಿ ನಾನು ಓಡಿಸೋ 1968ರ ಶೆವ್ರೊಲೆ ಸಿ-10 ಪಿಕಪ್ ಟ್ರಕ್ಕಿನಿಂದಾಗಿ ಈ ಜಗಳ ನಮ್ಮ ಮನೆಯೊಳಗೂ ಬಂತು.

ಡಿಸ್ಟ್ರಿಬ್ಯೂಟರ್ ಕೆಲಸ ಇಷ್ಟು. ಎಂಜಿನ್ನಿನ ಅರ್ಧ ವೇಗದಲ್ಲಿ ಅದರ ಶಾಫ್ಟ್ ತಿರುಗುತ್ತೆ. ಶಾಫ್ಟಿನ ಉಬ್ಬು ತಾಗಿದಾಗೆಲ್ಲ ಪಾಯಿಂಟ್ ತೆರೆಯುತ್ತೆ, ಕಾಯಿಲ್‌ಗೆ ಹೋಗುತ್ತಿದ್ದ ಬ್ಯಾಟರಿ ಕರೆಂಟ್ ಕಟ್ ಆಗುತ್ತೆ, ಆ ಕ್ಷಣದಲ್ಲೇ ಸಾವಿರಾರು ವೋಲ್ಟಿನ ಕಿಡಿ ಹುಟ್ಟುತ್ತೆ. ರೋಟರ್ ಅದನ್ನ 1-5-3-6-2-4 ಸರದಿಯಲ್ಲಿ ಆರು ಪ್ಲಗ್‌ಗಳಿಗೆ ಹಂಚುತ್ತೆ. 3,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 150 ಕಿಡಿ. ಪಾಯಿಂಟಿನ ಗ್ಯಾಪ್ ಮಾತ್ರ ಸುಮಾರು ಅರ್ಧ ಮಿಲಿಮೀಟರ್. ಇದೇ ಓಹಾಯೋದ ಡೇಟನ್‌ನಲ್ಲಿ ಚಾರ್ಲ್ಸ್ ಕೆಟರಿಂಗ್ ನೂರು ವರ್ಷಕ್ಕೂ ಹಿಂದೆ ರೂಪಿಸಿದ ವ್ಯವಸ್ಥೆ ಇದು.

ನಮ್ಮ ಟ್ರಕ್ ಮಿಸ್ಸಿಂಗ್ ಹೊಡೀತಿತ್ತು. ಹೊಸ ಪಾಯಿಂಟ್, ಕಂಡೆನ್ಸರ್ ಹಾಕಿದರೆ ತಿಂಗಳು ಸುಮ್ಮನಿದ್ದು ಮತ್ತೆ ಶುರು. ಒಂದು ಸಂಜೆ ಎಡಕ್ಕೆ ತಿರುಗುವಾಗ ಸಿಗ್ನಲ್ ನಡುವೆಯೇ ಆಫ್ ಆಯ್ತು. ಪಕ್ಕದಲ್ಲಿ ಹನ್ನೆರಡು ವರ್ಷದ ಮಗಳು. ಎದುರಿನವರು ಬ್ರೇಕ್ ಒತ್ತಿದ್ದರಿಂದ ಬಚಾವಾದ್ವಿ. ಹೆಂಡತಿಯದು ಒಂದೇ ಮಾತು: "ಎಲೆಕ್ಟ್ರಾನಿಕ್ ಹಾಕ್ಸಿ, ಇಲ್ಲಾ ಮಾರಿಬಿಡ್ರೀ."

ನನಗೆ ಮನಸ್ಸಿರಲಿಲ್ಲ. ಸಕಲೇಶಪುರದ ಕಾಫಿ ತೋಟದಲ್ಲಿ ಪೆಟ್ರೋಲ್ ಜೀಪ್ ಓಡಿಸಿದ ಅಪ್ಪ, ಮಳೆಯಲ್ಲೂ ಬಾನೆಟ್ ಎತ್ತಿ ಪಾಯಿಂಟ್ ಉಜ್ಜಿ ಮನೆ ಮುಟ್ಟಿಸ್ತಿದ್ರು. ಅವರು ನನ್ನ ಪಕ್ಷ ಅಂದ್ಕೊಂಡು ವಿಡಿಯೋ ಕಾಲ್ ಮಾಡಿದೆ. ಅಪ್ಪ ಪಾಯಿಂಟ್ ಕಡೆ ನೋಡಲೇ ಇಲ್ಲ.

"ರೋಟರ್ ತೆಗಿ. ಶಾಫ್ಟ್ ಹಿಡ್ಕೊಂಡು ಅಕ್ಕಪಕ್ಕ ಅಲ್ಲಾಡ್ಸು."

ಅಲ್ಲಾಡಿತು.

"ಬುಷ್ ಹೋಗಿದೆ ಕಣೋ."

ಬುಷ್ ಸವೆದು ಶಾಫ್ಟ್ ಓಲಾಡಿದರೆ, ಫೀಲರ್ ಗೇಜ್ ಇಟ್ಟು ಸೆಟ್ ಮಾಡಿದ ಗ್ಯಾಪ್ ಎಂಜಿನ್ ಓಡುವಾಗ ಉಳಿಯೋದಿಲ್ಲ. ಒಂದು ಸಿಲಿಂಡರಿಗೆ ಕಿಡಿ ಬೇಗ, ಇನ್ನೊಂದಕ್ಕೆ ತಡ. ಎಲೆಕ್ಟ್ರಾನಿಕ್ ಕಿಟ್ಟಿನ ಮ್ಯಾಗ್ನೆಟ್ ಕೂರೋದೂ ಇದೇ ಶಾಫ್ಟಿನ ಮೇಲೆ. ಅಂದರೆ ಯಾವ ಪಕ್ಷ ಗೆದ್ದರೂ ಬುಷ್ ರಿಪೇರಿ ತಪ್ಪುತ್ತಿರಲಿಲ್ಲ.

"ಬುಷ್ ಹಾಕ್ಸಿದ್ಮೇಲೆ ಪಾಯಿಂಟೇ ಇಟ್ಕೊಳ್ಳಲಾ ಅಪ್ಪಾ?"

"ನಾನೇನು ಪ್ರೀತಿಗೆ ಇಟ್ಕೊಂಡಿದ್ನೇನೋ? ಬೇರೆ ಗತಿ ಇರ್ಲಿಲ್ಲ. ನಿಂಗಿದೆಯಲ್ಲ. ಮಗು ಕೂರ್ತಾಳೆ ಆ ಗಾಡೀಲಿ."

ರೋಟರ್ ಯಾವ ಕಡೆ ಮುಖ ಮಾಡಿದೆ ಅಂತ ಗುರುತು ಹಾಕಿ, ಫೋಟೋ ತೆಗೆದು, ಡಿಸ್ಟ್ರಿಬ್ಯೂಟರ್ ಬಿಚ್ಚಿ ಮೆಷಿನ್ ಶಾಪಿಗೆ ಕೊಟ್ಟೆ. ಹೊಸ ಬುಷ್ ಬಂತು. ಅದೇ ಹಳೇ ಕ್ಯಾಪಿನಡಿ ಎಲೆಕ್ಟ್ರಾನಿಕ್ ಕಿಟ್ ಕೂತಿತು. ಟೈಮಿಂಗ್ ಲೈಟ್ ಹಿಡಿದರೆ, ಮೊದಲು ಅತ್ತಿತ್ತ ಕುಣಿಯುತ್ತಿದ್ದ ಗುರುತು ಈಗ ಒಂದೇ ಜಾಗದಲ್ಲಿ ನಿಂತಿತ್ತು.

ಹಳೇ ಪಾಯಿಂಟ್, ಕಂಡೆನ್ಸರ್ ಡ್ಯಾಶ್‌ಬೋರ್ಡ್ ಖಾನೆಯಲ್ಲಿವೆ. ಪಾಯಿಂಟ್ ಸಾಮಾನ್ಯವಾಗಿ ನರಳಿ ನರಳಿ ಸಾಯುತ್ತೆ, ಎಲೆಕ್ಟ್ರಾನಿಕ್ ಮಾಡ್ಯೂಲ್ ಹೇಳದೇ ಕೇಳದೇ ಹೋಗಬಹುದು. ಆಗ ಬೇಕಾಗುತ್ತೆ.

ನಿಮ್ಮ ಹತ್ರವೂ ಹಳೇ ಗಾಡಿ ಇದ್ದರೆ, ಯಾವ ಪಕ್ಷ ಸೇರೋದು ಆಮೇಲೆ. ಮೊದಲು ಶಾಫ್ಟ್ ಅಲ್ಲಾಡ್ಸಿ ನೋಡಿ.