ಜೆಮಿನಿ ವೃತ್ತದ ಹೊಸ್ತಿಲು

ಮದರಾಸು ಎಂದರೆ ನಮ್ಮ ತಲೆಮಾರಿನವರಿಗೆ ಕಡಲು, ಮೈಲಾಪುರದ ಗೋಪುರ, ಮಾರ್ಗಶಿರದ ಸಂಗೀತ ಸಭೆಗಳು. ಇಂದು ಕನ್ನಡ ನಾಡಿನ ಅನೇಕ ಮನೆಗಳಲ್ಲಿ ಚೆನ್ನೈ ಎಂದೊಡನೆ ನೆನಪಾಗುವುದು ಅಣ್ಣಾ ಸಾಲೈ ರಸ್ತೆಯ ಜೆಮಿನಿ ವೃತ್ತ. ಅಲ್ಲಿರುವ ಅಮೆರಿಕದ ಕಾನ್ಸುಲೇಟು ಕಚೇರಿ. ಬೆಂಗಳೂರಿನಲ್ಲಿಯೂ ಆ ದೇಶದ ಕಾನ್ಸುಲೇಟು 2025ರ ಜನವರಿಯಲ್ಲಿ ಉದ್ಘಾಟನೆಗೊಂಡಿತಾದರೂ ಆರಂಭದಲ್ಲಿ ಅಲ್ಲಿ ವೀಸಾ ನೀಡುವ ವ್ಯವಸ್ಥೆ ಇರಲಿಲ್ಲ. ಹೀಗಾಗಿ ಗದಗಿನವರಾಗಲಿ ದಾವಣಗೆರೆಯವರಾಗಲಿ, ಮಕ್ಕಳ ಕಡತ ಹಿಡಿದು ರೈಲು ಹತ್ತಿ ಬರುತ್ತಿದ್ದುದು ಇಲ್ಲಿಗೇ.

ವೃತ್ತಕ್ಕೆ ಈ ಹೆಸರು ಬಂದದ್ದು ಎಸ್.ಎಸ್. ವಾಸನ್ ಅವರ ಜೆಮಿನಿ ಸ್ಟುಡಿಯೋದಿಂದ. 1948ರ 'ಚಂದ್ರಲೇಖಾ' ಚಿತ್ರ ಆ ಸಂಸ್ಥೆಯದೇ. ಸ್ಟುಡಿಯೋ ಹೋಯಿತು, 1973ರಲ್ಲಿ ಮೇಲುಸೇತುವೆ ಬಂದಿತು, ಹೆಸರು ಮಾತ್ರ ಜನರ ಬಾಯಲ್ಲಿ ಉಳಿಯಿತು. ಕಾನ್ಸುಲೇಟಿನ ಎದುರಿಗಿರುವ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನಕ್ಕೂ ನಮಗೂ ಒಂದು ನಂಟಿದೆ. 2010ರಲ್ಲಿ ತೆರೆದ ಈ ಉದ್ಯಾನದ ನೆಲದಲ್ಲಿ ಮೊದಲು ಇದ್ದುದು ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲು. ಉಡುಪಿ ಸೀಮೆಯಿಂದ ಬರಿಗೈಯಲ್ಲಿ ಹೊರಟು ಮದರಾಸಿಗೆ ದೋಸೆಯ ರುಚಿ ಹತ್ತಿಸಿದ ಕೃಷ್ಣರಾಯರ ಸಂಸ್ಥೆ ಅದು. ಪರಸ್ಥಳಕ್ಕೆ ಹೋಗಿ ಬಾಳು ಕಟ್ಟಿಕೊಳ್ಳಲು ಅವರಿಗೆ ಯಾರ ಮುದ್ರೆಯೂ ಬೇಕಾಗಿರಲಿಲ್ಲ.

ಈಗಿನ ಮಕ್ಕಳ ದಾರಿ ಅಷ್ಟು ಸರಳವಲ್ಲ. ವಿಶ್ವವಿದ್ಯಾಲಯವು ಪ್ರವೇಶ ಕೊಟ್ಟು, ಮೊದಲ ವರ್ಷದ ವೆಚ್ಚಕ್ಕೆ ಹಣವಿದೆಯೆಂಬುದನ್ನು ಕಂಡ ಮೇಲೆ ಐ-20 ಎಂಬ ಪತ್ರವನ್ನು ಕಳುಹಿಸುತ್ತದೆ. ಅದರ ಆಧಾರದ ಮೇಲೆ ವಿದ್ಯಾರ್ಥಿಯ ನೋಂದಣಿಗೆ 350 ಡಾಲರು, ವೀಸಾ ಅರ್ಜಿಗೆ 185 ಡಾಲರು ತೆರಬೇಕು. 2024ರ ಲೆಕ್ಕದಲ್ಲಿ ಇವೆರಡೇ 40 ಸಾವಿರ ರೂಪಾಯಿಗಳನ್ನು ಮೀರುತ್ತಿದ್ದವು. ವೀಸಾ ದೊರೆಯದಿದ್ದರೆ ಅರ್ಜಿಯ ಹಣ ಮರಳುವುದಿಲ್ಲ. ಬೆರಳಚ್ಚು ಕೊಡುವುದು ನಗರದ ಬೇರೊಂದು ಕೇಂದ್ರದಲ್ಲಿ. ಸಂದರ್ಶನಕ್ಕೆ ಮಾತ್ರ ಜೆಮಿನಿ ವೃತ್ತ. 2025ರ ಮೇ ಕೊನೆಯಲ್ಲಿ ಹೊಸ ಸಂದರ್ಶನಗಳಿಗೆ ದಿನ ಕೊಡುವುದನ್ನೇ ಆ ಸರ್ಕಾರ ಕೆಲವು ವಾರ ನಿಲ್ಲಿಸಿತ್ತು. ಜೂನಿನಲ್ಲಿ ಪುನಃ ಆರಂಭಿಸುವಾಗ, ಸಾಮಾಜಿಕ ಜಾಲತಾಣಗಳ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂದು ವಿಧಿಸಿತು. ಓದಲು ಹೊರಟ ಮಕ್ಕಳಿಗೆ ಅದೊಂದು ಹೊಸ ಅಂಜಿಕೆ.

ಇವೆಲ್ಲಕ್ಕಿಂತ ಕಠಿಣವಾದುದು 1952ರ ಅಮೆರಿಕದ ವಲಸೆ ಕಾಯಿದೆಯ 214(ಬಿ) ಎಂಬ ವಿಧಿ. ಅದರ ಪ್ರಕಾರ ಅರ್ಜಿದಾರನು ಅಲ್ಲಿಯೇ ನೆಲೆಸಲು ಬರುತ್ತಿರುವನೆಂದೇ ಮೊದಲು ಭಾವಿಸತಕ್ಕದ್ದು. ಹಾಗಲ್ಲವೆಂದು ಮನಗಾಣಿಸುವ ಹೊಣೆ ಅರ್ಜಿದಾರನದು. ಅದಕ್ಕೆ ಸಿಗುವ ಸಮಯ ಬಹುಮಟ್ಟಿಗೆ ಎರಡು ಮೂರು ನಿಮಿಷ, ಗಾಜಿನ ಈಚೆ ನಿಂತು. ನಿರಾಕರಿಸಿದರೆ ಮೇಲ್ಮನವಿಯಿಲ್ಲ, ಹೊಸ ಶುಲ್ಕ ಕಟ್ಟಿ ಹೊಸ ಅರ್ಜಿ ಹಾಕಬಹುದು. ತನ್ನ ಮನೆಯ ಬಾಗಿಲು ಯಾರಿಗೆ ತೆರೆಯಬೇಕೆಂಬುದು ಆಯಾ ದೇಶಕ್ಕೆ ಬಿಟ್ಟದ್ದು, ನಿಜ. ಆದರೆ ಇಪ್ಪತ್ತೆರಡರ ಹರೆಯದವರಿಂದ ಮುಂದಿನ ಬದುಕಿನ ಪ್ರಮಾಣವನ್ನು ಎರಡು ನಿಮಿಷದಲ್ಲಿ ಕೇಳುವುದು ನಮಗೆ ಉಚಿತವೆನಿಸದು.

2024ರ ಜೂನಿನಲ್ಲಿ ಗದಗ ಸೀಮೆಯ ನಮ್ಮ ಪರಿಚಿತ ರೈತ ಕುಟುಂಬವೊಂದರ ಜೊತೆಯಲ್ಲಿ ನಾವೂ ಹೋಗಿದ್ದೆವು. ಮಗಳಿಗೆ ನೆಬ್ರಾಸ್ಕಾ ರಾಜ್ಯದಲ್ಲಿ ಅಂತರ್ಜಲದ ವಿಷಯದಲ್ಲಿ ಉನ್ನತ ವ್ಯಾಸಂಗಕ್ಕೆ ಸ್ಥಳ ದೊರೆತಿತ್ತು. ಮೊದಲ ವರ್ಷಕ್ಕೆ ಬ್ಯಾಂಕಿನ ಸಾಲ. ಎರಡನೆಯ ವರ್ಷಕ್ಕೆ ನಾಲ್ಕು ಎಕರೆ ಎರೆಹೊಲ ಮಾರುವುದೆಂದು ತಂದೆ ಮನದಲ್ಲೇ ನಿಶ್ಚಯಿಸಿದ್ದರು. ಮೊಬೈಲನ್ನು ನಮ್ಮ ಕೈಗಿತ್ತು ಹುಡುಗಿ ಒಬ್ಬಳೇ ಒಳನಡೆದಳು. ನಾವು ಎದುರಿನ ಉದ್ಯಾನದ ನೆರಳಿನಲ್ಲಿ ಕುಳಿತೆವು. ಅಲ್ಲಿ ಕಾಯುತ್ತಿದ್ದ ತಂದೆತಾಯಿಗಳ ಕಣ್ಣುಗಳೆಲ್ಲ ರಸ್ತೆಯಾಚೆಗಿನ ಬಾಗಿಲಲ್ಲಿ. ಪಾಸ್‌ಪೋರ್ಟನ್ನು ಒಳಗೆ ಇಟ್ಟುಕೊಂಡರೆ ಶುಭ, ಕೈಗೆ ಮರಳಿಸಿದರೆ ಅಶುಭ ಎಂಬ ಲೆಕ್ಕ ಅವರೆಲ್ಲರಿಗೂ ಬಾಯಿಪಾಠ. ಕೇರಳದ ಹುಡುಗನೊಬ್ಬ ಪಾಸ್‌ಪೋರ್ಟು ಹಿಡಿದೇ ಹೊರಬಂದ. ಅವನ ತಾಯಿ ಏನನ್ನೂ ಕೇಳಲಿಲ್ಲ. ನೀರಿನ ಬಾಟಲಿಯ ಮುಚ್ಚಳ ತೆಗೆದು ಕೊಟ್ಟರು.

ನಮ್ಮ ಹುಡುಗಿ ಬರಿಗೈಯಲ್ಲಿ ಬಂದಳು. ತಾಯಿ ಕಣ್ಣೊರೆಸಿಕೊಂಡರು. ಖರ್ಚು ಕೊಡುವವರು ಯಾರು, ತಂದೆಯ ಉದ್ಯೋಗವೇನು, ಓದು ಮುಗಿದ ಮೇಲೆ ಏನು ಮಾಡುವಿರಿ, ಇಷ್ಟೇ ಪ್ರಶ್ನೆ. ಕೊನೆಯದಕ್ಕೆ, ನಮ್ಮೂರಿನ ಬೋರ್‌ವೆಲ್‌ಗಳು ಬತ್ತಿವೆ, ತಿರುಗಿ ಬಂದು ಆ ಕೆಲಸ ಮಾಡುವೆನೆಂದು ಹೇಳಿದಳಂತೆ.

ತಂದೆಯವರು ನಮ್ಮ ಕಡೆ ತಿರುಗಿ, "ಗುರುಗಳೆ, ಅಕಿ ತಿರುಗಿ ಬರ್ತಾಳೋ ಇಲ್ಲೋ ಅಂತ ಮನ್ಯಾಗ ನಾವು ಒಮ್ಮೆನೂ ಕೇಳಿರಲಿಲ್ಲ ನೋಡ್ರಿ. ಕೇಳಾಕ ಧೈರ್ಯ ಆಗಿರಲಿಲ್ಲ" ಎಂದರು. ನಾವು ಸುಮ್ಮನಿದ್ದೆವು.

ವೀಸಾ ದೊರೆತ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದು ತಿಳಿಯಬಾರದು. ತರಗತಿ ಆರಂಭಕ್ಕೆ 30 ದಿನಗಳಿಗಿಂತ ಮುಂಚೆ ಆ ದೇಶವನ್ನು ಹೊಗುವಂತಿಲ್ಲ. ಒಳಬಿಡುವ ಅಂತಿಮ ಅಧಿಕಾರ ಅಲ್ಲಿನ ವಿಮಾನನಿಲ್ದಾಣದ ಅಧಿಕಾರಿಯದು; ಆದ್ದರಿಂದ ಐ-20 ಪತ್ರವು ದೊಡ್ಡ ಪೆಟ್ಟಿಗೆಯಲ್ಲಿರದೆ ಕೈಚೀಲದಲ್ಲಿರಬೇಕು. ತರಗತಿಗಳು ನಡೆಯುವಾಗ ವಿಶ್ವವಿದ್ಯಾಲಯದ ಆವರಣದೊಳಗೆ ವಾರಕ್ಕೆ 20 ತಾಸು ದುಡಿಯಬಹುದು, ಅದಕ್ಕೆ ಮೀರಿದರೆ ಅಪಾಯ. ಇವನ್ನೆಲ್ಲ ರೈಲಿನಲ್ಲಿ ಹುಡುಗಿಯೇ ತಾಯಿಗೆ ವಿವರಿಸುತ್ತಿದ್ದಳು. ಜೋಲಾರಪೇಟೆ ದಾಟಿದ ಮೇಲೆ ತಂದೆ ಮೆಲ್ಲಗೆ, "ಅಲ್ಲಿ ಹೇಳಿದ್ದು ಖರೆ ಏನವಾ?" ಎಂದು ಕೇಳಿದರು.

ಆಕೆ ಕಿಟಕಿಯಿಂದ ಮುಖ ತಿರುಗಿಸಿ, "ಹೊಲ ಮಾರಬ್ಯಾಡ್ರಿ, ಅಪ್ಪಾ" ಎಂದಳು.